ಐದು ಕಾಲಿನ ಬೆಕ್ಕು

‘ಆಕಳಿಕೆ’ ಬರೆದವರು ತೀರಿಕೊಂಡಿದ್ದಾರೆ ಎಂಬ ಸುದ್ದಿಯನ್ನು ನಮ್ಮ ಗುಮಾಸ್ತರು ಬೆಳಗ್ಗೆ ಪೇಪರಿನಲ್ಲಿ ಓದಿದರು. ಬಾಯಲ್ಲಿ ಇನ್ನೂ ಪೇಸ್ಟಿನ ನೊರೆಯಿತ್ತು. ನುಂಗಿಯೇಬಿಟ್ಟರು. ಯಾಕೆಂದರೆ ‘ಆಕಳಿಕೆ’ ಬರೆದವರು ಬೇರೆ ಯಾರೂ ಅಲ್ಲ, ಅವರೇ. ತಾನು ಸತ್ತ ಸುದ್ದಿಯನ್ನು ತಾನೇ ಓದುವ ಯೋಗ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ಬರೆದಿದ್ದರೂ ಮಾಡುವುದೇನು, ಓದಿ ಮುಗಿಸಿ ಬಾಯಿ ಮುಕ್ಕಳಿಸಲು ಹೋಗಬೇಕು.

ಪೇಪರಿನವರು ಬರೆದದ್ದು ಇಷ್ಟು. ಹಿಂದೊಮ್ಮೆ ಬಸ್ಸಿನ ಸೀಟುಗಳಲ್ಲಿ, ಕ್ಯಾಂಟೀನಿನ ಟೇಬಲ್ಲುಗಳ ಕೆಳಗೆ ಕದ್ದುಮುಚ್ಚಿ ಓಡಾಡುತ್ತಿದ್ದ ಅಂಗೈಯಗಲದ ಚಿತ್ರಪುಸ್ತಕ ‘ಆಕಳಿಕೆ’. ಅದನ್ನು ಬರೆಯುತ್ತಿದ್ದವರು ಯಾರೆಂದು ಇಷ್ಟು ವರ್ಷದ ಮೇಲೆ ತಿಳಿದಿದೆ. ಅವರು ಒಂದು ಜೆರಾಕ್ಸ್ ಅಂಗಡಿಯ ಮಾಲೀಕರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಮಂಚದ ಕೆಳಗಿನ ಟ್ರಂಕಿನಲ್ಲಿ ಎಲ್ಲ ಸಂಚಿಕೆಗಳೂ ಸಿಕ್ಕಿವೆ. ಮಗಳು ಅವನ್ನು ಲೈಬ್ರರಿಯ ಮಹಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಎಲ್ಲ ಸೇರಿಸಿ ಪುಸ್ತಕವನ್ನೂ ತರಲಿದ್ದಾರೆ.

ಹೆಂಡತಿ ಕನ್ನಡಕ ಹಾಕಿಕೊಂಡು ಅದನ್ನೇ ಓದಿದರು. “ಜೆರಾಕ್ಸ್ ಅಂಗಡಿ ಮಸಿಯಣ್ಣ ಹೋಗಿಬಿಟ್ರಾ” ಎಂದರು, ಅಷ್ಟೇ. ‘ಆಕಳಿಕೆ’ಯ ಸುದ್ದಿ ಎತ್ತಲಿಲ್ಲ. ಆ ಮನೆಯಲ್ಲಿ ಅದರ ಸುದ್ದಿ ಎತ್ತುವುದನ್ನು ಬಿಟ್ಟು ಕಾಲವಾಗಿತ್ತು.

ಗುಮಾಸ್ತರು ಎಂದರೆ ನೀರು ಸರಬರಾಜು ಕಚೇರಿಯ ಗುಮಾಸ್ತರು. ನಿವೃತ್ತರಾಗಿ ತಲೆಯೆಲ್ಲ ನೆರೆತರೂ ಬೀದಿಯವರ ಬಾಯಲ್ಲಿ ಇನ್ನೂ ಗುಮಾಸ್ತರೇ. ಬಲು ಮೆತ್ತಗಿನ ಮನುಷ್ಯ. ಬಸ್ಸಿನಲ್ಲಿ ಕಾಲು ತುಳಿದವರಿಗೆ ತಾವೇ ಸಾರಿ ಎನ್ನುವ ಜಾತಿ. ಇಂಥವರ ಒಳಗೆ ಏನಿರುತ್ತದೆ ಎಂದು ಯಾರೂ ಇಣುಕಿ ನೋಡುವುದಿಲ್ಲ. ಇವರ ಒಳಗೆ ಇದ್ದದ್ದು ನಲ್ಲಿ ಸಾಹೇಬ.

ನಲ್ಲಿ ಸಾಹೇಬನಿಗೆ ಮೂಗಿನ ಜಾಗದಲ್ಲಿ ಒಂದು ನಲ್ಲಿ. ಕುರ್ಚಿಯಲ್ಲಿ ಕೂತು ನೀರಿನ ಫೈಲುಗಳಿಗೆ ಸಹಿ ಹಾಕುತ್ತಾನೆ, ಜನ ಬಿಂದಿಗೆ ಹಿಡಿದು ಬಂದು ಮೂಗು ತಿರುಗಿಸುತ್ತಾರೆ, ಬರೀ ಗಾಳಿ ಬರುತ್ತದೆ, ‘ಸುಂಯ್’ ಎಂದು. ಕಚೇರಿಯ ನಿಜವಾದ ಸಾಹೇಬರ ಮೂಗು ಎಷ್ಟು ಉದ್ದವಿತ್ತು ಎಂಬುದು ಊರಿಗೇ ಗೊತ್ತಿದ್ದದ್ದರಿಂದ ಚಿತ್ರದ ಕೆಳಗೆ ಹೆಸರು ಬರೆಯುವ ಅಗತ್ಯ ಬೀಳಲಿಲ್ಲ. ಒಂದೇ ಹಾಳೆ, ಎರಡು ಕಡೆ ಜೆರಾಕ್ಸು, ಮಡಚಿ ಕತ್ತರಿಸಿದರೆ ಪುಟ್ಟ ಪುಸ್ತಕ. ಬೆಳಗ್ಗೆ ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಒಂದಿಷ್ಟು ಬಿಟ್ಟು ಇಳಿಯುವುದು, ಮಧ್ಯಾಹ್ನ ಲೈಬ್ರರಿಯ ಪೇಪರುಗಳ ನಡುವೆ ಒಂದಿಷ್ಟು ಸೇರಿಸುವುದು. ಸಂಜೆ ವಾಪಸ್ಸು ಬರುವಾಗ ಪಕ್ಕದ ಸೀಟಿನವನು ಅದನ್ನೇ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಗುಮಾಸ್ತರು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಅದು ಅವರ ಜೀವನದ ಪರಮ ಸುಖ.

ಸಾಹೇಬರು ಸುಮ್ಮನಿರುತ್ತಾರೆಯೇ? ಇದು ಒಳಗಿನವರದೇ ಕೆಲಸ, ಪತ್ತೆ ಹಚ್ಚಿ ಎಂದು ತನಿಖೆಗೆ ಹಾಕಿದರು. ತನಿಖೆಗೆ ಯಾರು? ಇವನಿಗೆ ಮಾತೂ ಬರುವುದಿಲ್ಲ, ನಗುವೂ ಬರುವುದಿಲ್ಲ, ಇವನೇ ಸರಿ ಎಂದು ನಮ್ಮ ಗುಮಾಸ್ತರನ್ನೇ ನೇಮಿಸಿದರು. ತಾನು ಬಸ್ಸಿನಲ್ಲಿ ಬಿಟ್ಟುಬಂದ ಪುಸ್ತಕಗಳನ್ನು ತಾನೇ ವಶಪಡಿಸಿಕೊಂಡು, ಫೈಲಿಗೆ ಟ್ಯಾಗ್ ಹಾಕಿ, ‘ಅಪರಾಧಿ ಚಾಣಾಕ್ಷನಿದ್ದಾನೆ’ ಎಂದು ಷರಾ ಬರೆದರು. ಅಂದಿನಿಂದ ಮೂಲ ಚಿತ್ರಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು ನಿಲ್ಲಿಸಿದರು. ಜೆರಾಕ್ಸ್ ಆದ ಕೂಡಲೇ ಚೂರು ಚೂರು ಮಾಡಿ, ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಹಿಸುಕಿ, ಉಂಡೆ ಕಟ್ಟಿ ಕಸಕ್ಕೆ ಎಸೆಯುತ್ತಿದ್ದರು. ಮೊದಲಿನವೂ ಅದೇ ದಾರಿ ಹಿಡಿದವು. ಕೆಲಸ ಹೋದರೆ ಹೊಟ್ಟೆಗೇನು ಎಂದು ಹೆಂಡತಿ ದಿನಾ ಕೇಳುತ್ತಿದ್ದರು. ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ.

ಇಲ್ಲಿ ಆ ಕಸುಬಿನ ಒಂದು ಗುಟ್ಟು ಹೇಳಬೇಕು. ಆಗಿನ ಜೆರಾಕ್ಸ್ ಮಷೀನಿಗೆ ತಿಳಿನೀಲಿ ಬಣ್ಣ ಕಾಣುತ್ತಿರಲಿಲ್ಲ. ಕರಡು ಚಿತ್ರವನ್ನು ತಿಳಿನೀಲಿ ಪೆನ್ಸಿಲ್ಲಿನಲ್ಲಿ ಬರೆದು, ಅದರ ಮೇಲೆ ಕಪ್ಪು ಇಂಕಿನಲ್ಲಿ ತಿದ್ದಿದರೆ, ಪ್ರತಿಯಲ್ಲಿ ಬರುವುದು ಕಪ್ಪು ಮಾತ್ರ. ರಬ್ಬರು ಹಿಡಿದು ಉಜ್ಜುವ ಕಷ್ಟವಿಲ್ಲ. ಹಾಗಾಗಿ ಗುಮಾಸ್ತರ ಮೇಜಿನ ಮೇಲೆ ಸದಾ ಒಂದು ನೀಲಿ ಪೆನ್ಸಿಲ್ ಇರುತ್ತಿತ್ತು. ಅದಕ್ಕೆ ಒಬ್ಬಳು ಕಾದು ಕೂತಿರುತ್ತಿದ್ದಳು.

ಅವರ ಮಗಳು. ಮನೆಯಲ್ಲಿ ಕರೆಯುತ್ತಿದ್ದದ್ದು ಮರಿ ಎಂದು. ಇನ್ನೂ ಸ್ಕೂಲಿಗೆ ಸೇರದ ವಯಸ್ಸು. ಎರಡು ಜಡೆ ಹಾಕಿದರೆ ಒಂದನ್ನು ಬಿಚ್ಚಿಕೊಂಡೇ ಓಡಾಡುವವಳು. ಅಪ್ಪ ಬರೆಯಲು ಕೂತರೆ ಇವಳಿಗೂ ಅದೇ ಹಾಳೆಯ ಮೇಲೆ ಬರೆಯಬೇಕು. ಬೇರೆ ಹಾಳೆ ಕೊಟ್ಟರೆ ಹಟ, ಅಳು, ರಂಪ. ಒಂದು ದಿನ ಸೋತು ಸುಣ್ಣವಾಗಿ ಗುಮಾಸ್ತರು ನೀಲಿ ಪೆನ್ಸಿಲ್ಲನ್ನೇ ಅವಳ ಕೈಗೆ ಕೊಟ್ಟರು. ಇದರಲ್ಲಿ ಎಲ್ಲಿ ಬೇಕಾದರೂ ಬರಿ ಎಂದರು. ಮಷೀನಿಗೆ ಹೇಗೂ ಕಾಣುವುದಿಲ್ಲವಲ್ಲ. ಅವಳು ನಲ್ಲಿ ಸಾಹೇಬನ ಹೆಗಲ ಮೇಲೆ, ಫೈಲುಗಳ ಸಂದಿಯಲ್ಲಿ, ಬಿಂದಿಗೆಗಳ ಸಾಲಿನ ಹಿಂದೆ ಬೆಕ್ಕು ಬರೆದಳು. ಅವಳ ಬೆಕ್ಕಿಗೆ ಐದು ಕಾಲು. ಐದನೆಯದು ಯಾಕೆ ಎಂದರೆ, ನಿಂತು ನಿಂತು ಸುಸ್ತಾದಾಗ ಊರಿಕೊಳ್ಳುವುದಕ್ಕೆ ಎನ್ನುತ್ತಿದ್ದಳು. ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ ಎನ್ನುವ ಹಾಗೆ.

ಪುಸ್ತಕ ಬಂದಾಗ ಮೊದಲು ಕೇಳುತ್ತಿದ್ದದ್ದು, “ನನ್ನ ಬೆಕ್ಕೆಲ್ಲಿ?” ಪುಟ ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದಳು. ಗುಮಾಸ್ತರು ಒಮ್ಮೆ ಅದು ಊಟಕ್ಕೆ ಹೋಗಿದೆ ಎಂದರು, ಇನ್ನೊಮ್ಮೆ ಜನರನ್ನು ಕಂಡರೆ ನಾಚಿಕೆ ಎಂದರು. ಕೊನೆಗೆ ಅವಳೇ ತೀರ್ಮಾನಕ್ಕೆ ಬಂದಳು, ಮಷೀನು ಬೆಕ್ಕು ತಿನ್ನುತ್ತದೆ ಎಂದು. ಗಂಡಹೆಂಡತಿ ಬಿದ್ದು ಬಿದ್ದು ನಕ್ಕರು. ಅವಳ ಸಮಾಧಾನಕ್ಕೆ ಎಂದು ಗುಮಾಸ್ತರು ಅವಳನ್ನೇ ಪುಸ್ತಕದೊಳಗೆ ಬರೆದರು, ಕಪ್ಪು ಇಂಕಿನಲ್ಲಿ. ‘ತಂಟೆ’ ಎಂಬ ಹುಡುಗಿ, ಒಂದು ಜಡೆ ಬಿಚ್ಚಿದವಳು, ನಲ್ಲಿ ಸಾಹೇಬನಿಗೆ ಉತ್ತರ ಇಲ್ಲದ ಪ್ರಶ್ನೆಗಳನ್ನೇ ಕೇಳುವವಳು. ಊರಿನವರು ತಂಟೆಯನ್ನು ಹಚ್ಚಿಕೊಂಡರು. ಮರಿಗೆ ಮಾತ್ರ ಅದು ಸಾಲಲಿಲ್ಲ. ಬೆಕ್ಕು ಬೇಕಿತ್ತು.

ಜೆರಾಕ್ಸ್ ಮಾಡುತ್ತಿದ್ದದ್ದು ಮಸಿಯಣ್ಣ. ಕಚೇರಿಯ ಎದುರು, ಮೆಟ್ಟಿಲ ಕೆಳಗಿನ ಸಂದಿಯಂಥ ಅಂಗಡಿ. ಮಷೀನಿನ ಮಸಿ ಉಗುರಿಗೆ ಇಳಿದು ಇಳಿದು ಕೈ ಯಾವಾಗಲೂ ಕಪ್ಪು, ಅದಕ್ಕೇ ಆ ಹೆಸರು. ಮಾತು ಕಡಿಮೆ. ಸಂಜೆ ಗಿರಾಕಿಗಳು ಹೋದ ಮೇಲೆ ಷಟರು ಅರ್ಧ ಎಳೆದು ಗುಮಾಸ್ತರ ಕೆಲಸಕ್ಕೆ ಕೈ ಹಚ್ಚುತ್ತಿದ್ದ. ಅವನದೊಂದು ಪದ್ಧತಿ. ಮೊದಲು ಕಪ್ಪಿನ ಗುಂಡಿಯನ್ನು ಪೂರ್ತಿ ಏರಿಸಿ ಒಂದು ಪ್ರತಿ ತೆಗೆಯುವುದು, ಗಾಜಿನ ಮೇಲೆ ಕೊಳೆ ಇದ್ದರೆ ಅದರಲ್ಲಿ ಗೊತ್ತಾಗುತ್ತದೆ. ಆಮೇಲೆ ಗುಂಡಿ ಇಳಿಸಿ ಒಳ್ಳೆಯ ಪ್ರತಿಗಳನ್ನು ಬಿಡುವುದು. ಆ ಮೊದಲ ಕೆಟ್ಟ ಪ್ರತಿಯನ್ನು ಪಕ್ಕಕ್ಕೆ ಇಡುತ್ತಿದ್ದ. ಗುಮಾಸ್ತರು ಅತ್ತ ಕಣ್ಣು ಹಾಯಿಸಿದವರೇ ಅಲ್ಲ. ಅವರಿಗೆ ಒಳ್ಳೆಯ ಪ್ರತಿಗಳನ್ನು ಮಡಚುವ ಅವಸರ. ಒಂದು ಸಂಜೆ ಮಸಿಯಣ್ಣ, “ನಿಮ್ಮ ಬೆಕ್ಕು ಚೆನ್ನಾಗಿದೆ ಸಾರ್” ಎಂದ. ನಮ್ಮ ಮನೆಯಲ್ಲಿ ಬೆಕ್ಕಿಲ್ಲವಲ್ಲ, ಇವನು ಯಾರ ಮನೆಯದನ್ನು ನೋಡಿ ಹೇಳುತ್ತಿದ್ದಾನೋ ಎಂದುಕೊಂಡು ಗುಮಾಸ್ತರು ತಲೆಯಾಡಿಸಿ ಬಂದರು.

ಮರಿ ಸ್ಕೂಲಿಗೆ ಸೇರಿದ ವರ್ಷವೇ ಜ್ವರ ಬಂತು. ಸಾಮಾನ್ಯ ಜ್ವರ ಎಂದರು ಡಾಕ್ಟರು. ವಾರ ತುಂಬುವುದರೊಳಗೆ ಮನೆ ಖಾಲಿಯಾಯಿತು. ಅದರ ಬಗ್ಗೆ ಹೆಚ್ಚು ಬರೆಯುವುದಕ್ಕೆ ನನಗೂ ಮನಸ್ಸಿಲ್ಲ. ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ ಇತ್ತು, ಅದರಲ್ಲೂ ಅವಳು ಕಣ್ಣು ಮುಚ್ಚಿದ್ದಳು.

‘ಆಕಳಿಕೆ’ ನಿಂತಿತು. ಕಳ್ಳ ಹೆದರಿದ ಎಂದು ಕಚೇರಿಯಲ್ಲಿ ಸಾಹೇಬರು ಎಲ್ಲರಿಗೂ ಟೀ ಕೊಡಿಸಿದರು. ಗುಮಾಸ್ತರೂ ಒಂದು ಲೋಟ ಕುಡಿದರು, ಬೇಡ ಎಂದರೆ ಅನುಮಾನ ಬಂದೀತು ಎಂದು. ನೀಲಿ ಪೆನ್ಸಿಲ್ಲನ್ನು ಮೇಜಿನ ಮೇಲಿಂದ ಎತ್ತಿ ಒಳಗಿಟ್ಟರು. ಮತ್ತೆ ಬರೆಯಲಿಲ್ಲ. ಜೆರಾಕ್ಸ್ ಅಂಗಡಿಯ ಎದುರು ಹಾಯುವುದೂ ಆಗದೆ ಆಚೆ ಕಡೆಯ ಫುಟ್‌ಪಾತಿನಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡರು. ಮಸಿಯಣ್ಣನೂ ಕೂಗಿ ಕರೆಯಲಿಲ್ಲ. ಹರಿದು ನೆನೆಹಾಕಿದ ಹಾಳೆಗಳು ಮಾತ್ರ ಆಗಾಗ ಕನಸಿನಲ್ಲಿ ಬರುತ್ತಿದ್ದವು. ನಲ್ಲಿ ಸಾಹೇಬ ಹೋದರೆ ಹೋಗಲಿ, ಆ ಹಾಳೆಗಳ ಮೇಲೆ ಅವಳ ಕೈಯ ಗೆರೆಗಳಿದ್ದವಲ್ಲ. ಅವನ್ನು ತಾವೇ, ಕೈಯಾರೆ, ಬಕೆಟ್ಟಿನಲ್ಲಿ ಹಿಸುಕಿದ್ದರು.

ಇಷ್ಟು ವರ್ಷದ ಮೇಲೆ ಈಗ ಈ ಪೇಪರು.

ಗುಮಾಸ್ತರಿಗೆ ಮೊದಲು ಬಂದದ್ದು ಸಿಟ್ಟು. ಮಸಿಯಣ್ಣನ ಮೇಲಲ್ಲ, ಸತ್ತವನ ಮೇಲೆ ಎಂಥ ಸಿಟ್ಟು. ಆದರೂ ತನ್ನ ಜೀವನದಲ್ಲಿ ಜನ ನಕ್ಕದ್ದು ಎಂದರೆ ಅದೊಂದೇ. ಅದೂ ಇನ್ನೊಬ್ಬರ ಪಾಲಾಯಿತಲ್ಲ. ಹೋಗಿ ಹೇಳಿಬಿಡುತ್ತೇನೆ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಕನ್ನಡಿಯ ಮುಂದೆ ನಿಂತು, “ಅದನ್ನ ಬರೆದಿದ್ದು ನಾನಮ್ಮ” ಎಂದು ಹೇಳಿ ನೋಡಿದರು. ದನಿ ಸಣ್ಣದಾಯಿತು ಅನಿಸಿ ಇನ್ನೊಮ್ಮೆ ಹೇಳಿದರು. ಹೆಂಡತಿ ಹಿಂದಿನಿಂದ, “ನಾನೂ ಬರ್ತೀನಿ ರೀ” ಎಂದರು.

ಲೈಬ್ರರಿಯ ಮಹಡಿಯಲ್ಲಿ ದಾರ ಕಟ್ಟಿ, ಕ್ಲಿಪ್ಪು ಹಾಕಿ, ಹಾಳೆಗಳನ್ನು ಬಿಡಿಸಿ ನೇತುಹಾಕಿದ್ದರು. ಜನ ಅಷ್ಟಿರಲಿಲ್ಲ. ಗುಮಾಸ್ತರು ಹತ್ತಿರ ಹೋಗಿ ನೋಡಿದರೆ ಎಲ್ಲ ಮಸಿ ಬಡಿದ ಪ್ರತಿಗಳು. ಬಿಳಿ ಇರಬೇಕಾದ ಕಡೆ ಬೂದಿ, ಗೆರೆಗಳೆಲ್ಲ ದಪ್ಪ. ಅಷ್ಟು ಚೆನ್ನಾಗಿದ್ದ ಪುಸ್ತಕದ ಇಂಥ ಕೆಟ್ಟ ಪ್ರತಿಗಳೇ ಉಳಿಯಬೇಕಿತ್ತೇ ಎಂದುಕೊಂಡರು. ಆಮೇಲೆ ನಲ್ಲಿ ಸಾಹೇಬನ ಹೆಗಲ ಮೇಲೆ ಏನೋ ಕಂಡಿತು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಮತ್ತೆ ನೋಡಿದರು. ಮಸುಕಾದ ಬೂದು ಗೆರೆ, ದುಂಡಗೆ. ಎರಡು ಕಿವಿ. ಕೆಳಗೆ ಕಾಲುಗಳು, ಐದು.

ಕಪ್ಪಿನ ಗುಂಡಿಯನ್ನು ಪೂರ್ತಿ ಏರಿಸಿದಾಗ ಮಷೀನು ನೀಲಿಯನ್ನೂ ಕಂಡಿತ್ತು. ಮಸಿಯಣ್ಣ ಒಳ್ಳೆಯ ಪ್ರತಿಯೊಂದನ್ನೂ ತನಗೆಂದು ಇಟ್ಟುಕೊಂಡವನಲ್ಲ, ಕೆಟ್ಟವನ್ನೇ ಮಡಚಿ, ಕತ್ತರಿಸಿ, ಮನೆಗೆ ಒಯ್ದು ಜೋಡಿಸಿಟ್ಟಿದ್ದ. ನಿಮ್ಮ ಬೆಕ್ಕು ಚೆನ್ನಾಗಿದೆ ಎಂದು ಹೇಳಿಯೂ ಹೇಳಿದ್ದ. ನಾಲ್ಕು ಬೀದಿಯಾಚೆ ಒಂದು ಮಂಚದ ಕೆಳಗೆ ಮರಿಯ ಬೆಕ್ಕುಗಳೆಲ್ಲ ಕೂತಿದ್ದವು, ಗುಮಾಸ್ತರು ಆಚೆ ಫುಟ್‌ಪಾತಿನಲ್ಲಿ ನಡೆಯುತ್ತಿದ್ದರು. ಅವರು ಒಂದು ಹಾಳೆಯಿಂದ ಇನ್ನೊಂದಕ್ಕೆ ಹೋದರು. ಬಿಂದಿಗೆಯೊಳಗೆ ಕೂತ ಬೆಕ್ಕು. ಪಕ್ಕಕ್ಕೆ ವಾಲಿದ ಮನೆ. ಅಪ್ಪನ ಕನ್ನಡಕ ಹಾಕಿಕೊಂಡ ಬೆಕ್ಕು. ಅಲ್ಲಿ ನೇತುಹಾಕಿದ್ದರಲ್ಲಿ ತಾವು ಬರೆದದ್ದು ಒಂದೂ ಅವರ ಕಣ್ಣಿಗೆ ಬೀಳಲಿಲ್ಲ. ತಿರುಗಿ ನೋಡಿದರೆ ಹೆಂಡತಿ ಇನ್ನೂ ಮೊದಲ ಹಾಳೆಯ ಮುಂದೆಯೇ ಇದ್ದರು. ಮುಟ್ಟಬಾರದು ಎಂದು ಬೋರ್ಡು ಹಾಕಿದ್ದರೂ ಅಂಗೈಯನ್ನು ಹಾಳೆಯ ಮೇಲೆ ಇಟ್ಟಿದ್ದರು.

ಮಸಿಯಣ್ಣನ ಮಗಳು ತಾನಾಗಿಯೇ ಬಂದು ಮಾತಾಡಿಸಿದಳು. ನಲವತ್ತರ ಆಚೀಚಿನ ಹೆಂಗಸು, ಅಂಗಡಿಯನ್ನು ಈಗ ಅವಳೇ ನಡೆಸುತ್ತಿದ್ದಳು. ನಾವು ನಿಮ್ಮಪ್ಪನ ಹಳೇ ಗಿರಾಕಿಗಳು ಎಂದರು ಗುಮಾಸ್ತರು. ಹಾಗಾದರೆ ಅಂಗಡಿಗೆ ಬನ್ನಿ, ಟೀ ಕುಡಿದು ಹೋಗಿ ಎಂದು ಬಿಡದೆ ಕರೆದುಕೊಂಡು ಹೋದಳು. ಅದೇ ಮೆಟ್ಟಿಲ ಕೆಳಗಿನ ಅಂಗಡಿ. ಹಳೇ ಮಷೀನಿನ ಜಾಗದಲ್ಲಿ ಹೊಸದು, ಪಕ್ಕದಲ್ಲಿ ಕಂಪ್ಯೂಟರು.

ಟೀ ಬರುವವರೆಗೆ ಅವಳು ಅಪ್ಪನ ಬಗ್ಗೆ ಹೇಳಿದಳು. ಅವಳು ಏಳುವ ಮೊದಲೇ ಅಂಗಡಿಗೆ ಹೋಗುತ್ತಿದ್ದ, ಮಲಗಿದ ಮೇಲೆ ಬರುತ್ತಿದ್ದ. ಒಂದು ದಿನ ಸ್ಕೂಲಿಗೆ ಬಂದವನಲ್ಲ, ಯಾವ ಕ್ಲಾಸು ಎಂದು ಕೇಳಿದವನಲ್ಲ. ಅಪ್ಪನಿಗೆ ತಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದುಕೊಂಡೇ ಬೆಳೆದಳಂತೆ. ಕಾಯಿಲೆ ಬಿದ್ದಾಗಲೂ ಅವನನ್ನು ನೋಡಿಕೊಂಡದ್ದು ಕರ್ತವ್ಯಕ್ಕೆ, ಪ್ರೀತಿಗಲ್ಲ ಎಂದಳು, ಯಾವ ಮುಲಾಜೂ ಇಲ್ಲದೆ.

“ಟ್ರಂಕು ತೆಗೆದು ತಂಟೆಯನ್ನ ನೋಡಿದೆ ನೋಡಿ, ಆಮೇಲೆ ಗೊತ್ತಾಯ್ತು” ಎಂದಳು. “ನನ್ನದೂ ಒಂದು ಜಡೆ ಯಾವಾಗ್ಲೂ ಬಿಚ್ಚಿರ್ತಿತ್ತು ಅಂಕಲ್. ಅಮ್ಮ ಬೈತಿದ್ದಳು. ಅಪ್ಪ ಒಂದು ಮಾತೂ ಆಡದೆ ನನ್ನನ್ನೇ ನೋಡ್ತಿದ್ದ ಅಂತ ಅವನು ಹೋದ ಮೇಲೆ ಗೊತ್ತಾಯ್ತು ನನಗೆ.”

ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದ ಮಾತನ್ನು ಗುಮಾಸ್ತರು ಹೇಳಬೇಕಾದ ಹೊತ್ತು ಇದೇ. ತಂಟೆ ನನ್ನ ಮಗಳು ಎಂದರೆ ಸಾಕು, ಸತ್ತ ಮಗಳು ಇಷ್ಟರಮಟ್ಟಿಗಾದರೂ ತಮ್ಮವಳಾಗುತ್ತಾಳೆ. ಆದರೆ ಈ ಹೆಂಗಸಿಗೆ ಈಗಷ್ಟೇ ಸಿಕ್ಕಿದ ಅಪ್ಪ ಕೈ ಬಿಟ್ಟುಹೋಗುತ್ತಾನೆ. ಯಾರ ಮಗುವನ್ನು ಯಾರು ಕಿತ್ತುಕೊಳ್ಳುವುದು? ಇಡೀ ವಯಸ್ಸು ಯಾರಿಗೂ ಇಲ್ಲ ಎನ್ನಲಾರದೆ ಕಳೆದ ಮನುಷ್ಯನಿಗೆ ಈ ಹೊತ್ತಿನಲ್ಲಿ ದೇವರು ಎಂಥ ಪರೀಕ್ಷೆ ಇಟ್ಟ. ಟೀ ಬಂತು, ಹಿಡಿದುಕೊಂಡು ಕೂತರು.

ಅವಳು ಕಂಪ್ಯೂಟರಿನ ಕಡೆ ತಿರುಗಿ ಪುಸ್ತಕದ ಕೆಲಸ ತೋರಿಸತೊಡಗಿದಳು. ಪಾಪ, ಅಪ್ಪ ತನಗೆ ಅಂತ ಕೆಟ್ಟ ಪ್ರತಿಗಳನ್ನೇ ಇಟ್ಟುಕೊಂಡಿದ್ದಾನೆ, ಎಲ್ಲದರಲ್ಲೂ ಕೊಳೆ, ಒಂದೊಂದು ಪುಟವನ್ನೂ ತೊಳೆದು ಬೆಳ್ಳಗೆ ಮಾಡಬೇಕು ಎಂದಳು. ಇವತ್ತೇ ಕೂತಿದ್ದೇನೆ, ಇದೇ ಮೊದಲನೇ ಪುಟ. ಪರದೆಯ ಮೇಲೆ ನಲ್ಲಿ ಸಾಹೇಬ ದೊಡ್ಡದಾಗಿ ಬಂದ. ಹೆಗಲ ಮೇಲೆ ಬೆಕ್ಕು. ಅವಳು ಮೌಸು ಹಿಡಿದು ಉಜ್ಜಿದಳು. ಬಾಲ ಹೋಯಿತು. ಬಾಲದ ಹತ್ತಿರದ ಒಂದು ಕಾಲು ಹೋಯಿತು.

ಗುಮಾಸ್ತರು ಟೀ ಲೋಟವನ್ನು ಕೆಳಗಿಟ್ಟರು. ಮರಿ ಇನ್ನೊಂದು ಸಲ ಕಣ್ಣೆದುರಿಗೇ ಹೋಗುತ್ತಿದ್ದಾಳೆ, ಆ ಸಲದ ಹಾಗೆಯೇ ಕೂತು ನೋಡುತ್ತಿದ್ದೇನೆ ಎಂದು ಒಳಗೆ ಒದ್ದಾಡಿದರು.

“ಅದನ್ನ ಅಳಿಸಬೇಡಮ್ಮ” ಎಂದರು ಹೆಂಡತಿ.

“ಕೊಳೆ ಆಂಟಿ ಅದು. ಗಾಜು ಒರೆಸಿರಲ್ಲ.”

“ಕೊಳೆ ಅಲ್ಲ. ಮಗು ಬರೆದಿರೋದು. ಸ್ವಲ್ಪ ಹಿಂದಕ್ಕೆ ಸರಿದು ನೋಡು, ಬೆಕ್ಕು.”

ಅವಳು ಕುರ್ಚಿ ಹಿಂದಕ್ಕೆ ಎಳೆದು ನೋಡಿದಳು. ಮೊದಲು ಕಾಣಲಿಲ್ಲ. ಆಮೇಲೆ ಕಿವಿ ಕಂಡವು, ಮೀಸೆ ಕಂಡಿತು. ಬೇರೆ ಪುಟಗಳನ್ನು ಒಂದೊಂದಾಗಿ ತೆಗೆದಳು. ಎಲ್ಲದರಲ್ಲೂ ಇತ್ತು. ಹೆಂಡತಿಯ ಕಡೆ ತಿರುಗಿ, “ಯಾವ ಮಗು ಆಂಟಿ?” ಎಂದಳು.

ಹೆಂಡತಿ ಗುಮಾಸ್ತರ ಮುಖ ನೋಡಿದರು. ಹಾಲಿನವನಿಂದ ಹಿಡಿದು ಡಾಕ್ಟರವರೆಗೆ ಗಂಡನ ಪರವಾಗಿ ಮಾತಾಡಿದ್ದೆಲ್ಲ ಅವರೇ. ಈ ಒಂದನ್ನು ಮಾತ್ರ ಗಂಡನಿಗೆ ಬಿಟ್ಟರು. ಗುಮಾಸ್ತರು ಬಾಯಿ ತೆರೆದರು. ಅಷ್ಟರಲ್ಲಿ ಅವಳ ಕಣ್ಣು ತುಂಬಿಕೊಂಡಿತ್ತು.

“ನಾನಾ?” ಎಂದಳು. “ಅಪ್ಪ ಬರೀವಾಗ ನಾನು ಪಕ್ಕದಲ್ಲಿ ಕೂತಿರ್ತಿದ್ದೆನಾ?”

ಅಲ್ಲ ಎಂದರೆ ನಿಜ. ಹೌದು ಎಂದರೆ ಗೆರೆಗಳು ಉಳಿಯುತ್ತವೆ, ಪುಸ್ತಕದಲ್ಲಿ, ಎಲ್ಲರ ಕಣ್ಣಿಗೂ ಕಾಣುವ ಹಾಗೆ; ಆದರೆ ಅವು ಮರಿಯವಾಗಿ ಉಳಿಯುವುದಿಲ್ಲ. ಗುಮಾಸ್ತರ ತಲೆ ತಾನಾಗಿಯೇ ಅಲುಗಿತು. ಅದು ಹೌದೋ ಅಲ್ಲವೋ ಅವರಿಗೇ ಗೊತ್ತಾಗಲಿಲ್ಲ. ಅವಳು ಹೌದು ಎಂದೇ ತಿಳಿದುಕೊಂಡಳು.

ಇನ್ನು ಒಂದು ಗೆರೆಯನ್ನೂ ಮುಟ್ಟುವುದಿಲ್ಲ ಎಂದು ಅವಳು ಒಂದು ಗುಂಡಿ ಒತ್ತಿದಳು. ಹೋಗಿದ್ದ ಕಾಲು ಬಂತು, ಬಾಲ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಬೆರಳಿನಿಂದ ಪರದೆಯನ್ನು ತೋರಿಸಿ ನಕ್ಕಳು. “ಐದು ಕಾಲು ಬರೆದಿದ್ದೀನಿ ನೋಡಿ, ದಡ್ಡಿ.”

“ಐದನೇದು ಸುಸ್ತಾದಾಗ ಊರಿಕೊಳ್ಳೋಕೆ” ಎಂದರು ಗುಮಾಸ್ತರು. ಅಂಗಡಿಗೆ ಬಂದ ಮೇಲೆ ಅವರು ಆಡಿದ ಮೊದಲ ಮಾತು ಅದು.

“ನಿಮಗೆ ಹೇಗೆ ಗೊತ್ತು ಅಂಕಲ್?”

“ಮಗು ಹೇಳಿತ್ತು.”

“ಹೌದಾ? ನನಗೆ ನೆನಪೇ ಇಲ್ಲ.”

ಗುಮಾಸ್ತರು ಬೀದಿಯ ಕಡೆ ಮುಖ ತಿರುಗಿಸಿದರು. ಎದುರಿನ ಫುಟ್‌ಪಾತಿನಲ್ಲಿ ಜನ ಓಡಾಡುತ್ತಿದ್ದರು. ಹೆಂಡತಿ ಅವಳ ಹಣೆಯ ಮೇಲೆ ಬಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, “ಹೇಗೆ ನೆನಪಿರತ್ತೆ, ಚಿಕ್ಕವಳಿದ್ದೆ ನೀನು” ಎಂದರು.